ಬುಯೆಲಿಯಾ ಫ್ರಿಜಿಡಾ: ಅಂಟಾರ್ಕ್ಟಿಕದ ಕಪ್ಪು ಕಲ್ಲುಹೂ

ಬುಯೆಲಿಯಾ ಫ್ರಿಜಿಡಾ ಅಂಟಾರ್ಕ್ಟಿಕ ಖಂಡದ ಬರಿಬಂಡೆಗಳ ಮೇಲೆ ಬೆಳೆಯುವ, ಬೂದು ಮತ್ತು ಕಪ್ಪು ಬಣ್ಣದ ಒಂದು ಕಲ್ಲುಹೂ. ಕ್ಯಾಲಿಸಿಯೇಸಿಯೆ ಕುಟುಂಬದ ಈ ಪ್ರಭೇದ ಜಗತ್ತಿನ ಬೇರೆ ಯಾವ ಖಂಡದಲ್ಲೂ ಇಲ್ಲ. ಅಂಟಾರ್ಕ್ಟಿಕದಲ್ಲಿ ಮಂಜುಗಡ್ಡೆ ಮುಚ್ಚದೆ ಬಿಟ್ಟಿರುವ ನೆಲ ಇಡೀ ಖಂಡದ ಶೇ. 0.5ಕ್ಕಿಂತಲೂ ಕಡಿಮೆ. ಆ ಸಣ್ಣ ಪಾಲಿನೊಳಗೆ ಕರಾವಳಿಯ ಬಂಡೆಗಳಿಂದ ಹಿಡಿದು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಬೆಟ್ಟಗಳವರೆಗೂ ಇದು ಹರಡಿಕೊಂಡಿದೆ. ಖಂಡದ ಒಳಭಾಗದ ಅನೇಕ ಕಣಿವೆಗಳಲ್ಲಿ ಬರಿಗಣ್ಣಿಗೆ ಕಾಣುವ ಜೀವವೆಂದರೆ ಹೆಚ್ಚಾಗಿ ಬಂಡೆಗಂಟಿದ ಈ ಕಪ್ಪು ಚಕ್ಕೆಗಳೇ.

ಚಳಿಯನ್ನು ಗೆದ್ದ ಜೀವಿಯೆಂದು ಇದನ್ನು ಬಣ್ಣಿಸುವುದು ವಾಡಿಕೆ. ಚಳಿ ತಡೆಯುವ ಶಕ್ತಿ ಇದಕ್ಕಿರುವುದು ನಿಜವೇ. ಆದರೆ ಕಳೆದ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬಂಡೆಯ ಪಕ್ಕದಲ್ಲೇ ಉಪಕರಣ ಹೂಡಿ ಕುಳಿತು ಅಳೆದವರ ಲೆಕ್ಕಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಇದರ ಬಾಳನ್ನು ಆಳುತ್ತಿರುವುದು ನೀರು ಎಂಬುದು ಖಚಿತವಾಗುತ್ತದೆ. ಎಲ್ಲಿ ಬೆಳೆಯಬೇಕು, ಎಷ್ಟು ಬೆಳೆಯಬೇಕು, ಎಷ್ಟು ಕಾಲ ಬದುಕಬೇಕು ಎಂಬುದನ್ನೆಲ್ಲ ವರ್ಷಕ್ಕೆ ಕೆಲವೇ ತಾಸು ಸಿಗುವ ತೇವ ನಿರ್ಧರಿಸುತ್ತದೆ.

ಎರಡು ಜೀವಿಗಳ ಒಂದು ದೇಹ

ಕಲ್ಲುಹೂ ಒಂದು ಗಿಡವಲ್ಲ. ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ಕಟ್ಟಿಕೊಂಡ ದೇಹ ಅದು. ಈ ಮಾತನ್ನು ಮೊದಲು ಹೇಳಿದವನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್. 1867ರಲ್ಲಿ ಅವನು ಹಾಗೆಂದಾಗ ಆ ಕಾಲದ ಹೆಸರಾಂತ ಕಲ್ಲುಹೂ ತಜ್ಞರೇ ಒಪ್ಪಲಿಲ್ಲ. ಇವತ್ತು ಅದು ಶಾಲೆಯ ಪಾಠ. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವೂ ಇದೇ ಬಗೆಯ ಕೂಡುಬಾಳಿನದು. ಅದು ಮಳೆ ಮತ್ತು ಮಂಜು ಧಾರಾಳವಾಗಿರುವ ಬೆಟ್ಟಗಾಡಿನ ಮರಗಳ ತೊಗಟೆಯ ಮೇಲೆ, ಬಂಡೆಗಳ ಮೇಲೆ ಎಲೆಯಂತೆ ಹರಡಿ ಬೆಳೆಯುತ್ತದೆ, ಕೈಯಿಂದ ಕೀಳಬಹುದು. ಬುಯೆಲಿಯಾ ಫ್ರಿಜಿಡಾ ಹಾಗಲ್ಲ. ಇದು ಬಂಡೆಗೆ ಪೂರಾ ಅಂಟಿಕೊಂಡ ಹೊರಪದರ. ಕಲ್ಲನ್ನೇ ಒಡೆಯದ ಹೊರತು ಇದನ್ನು ಬಿಡಿಸಲಾಗದು. ತಿನ್ನುವುದಕ್ಕಾಗಲಿ, ಬಣ್ಣಕ್ಕಾಗಲಿ ಇದನ್ನು ಯಾರೂ ಬಳಸಿದ್ದಿಲ್ಲ.

ಇದರೊಳಗಿನ ಪಾಚಿ ಟ್ರೆಬೌಕ್ಸಿಯಾ ಜಾತಿಗೆ ಸೇರಿದ ಏಕಕೋಶೀಯ ಹಸಿರು ಪಾಚಿ. ಬೆಳಕಿನಿಂದ ಅದು ತಯಾರಿಸುವ ಸಕ್ಕರೆಯ ದೊಡ್ಡ ಪಾಲು ರಿಬಿಟಾಲ್ ಎಂಬ ಸಕ್ಕರೆ-ಆಲ್ಕೋಹಾಲಿನ ರೂಪದಲ್ಲಿ ಶಿಲೀಂಧ್ರಕ್ಕೆ ಸೇರುತ್ತದೆ. ಶಿಲೀಂಧ್ರ ಅದನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆ. ಇಂಥ ಸಂಯುಕ್ತಗಳು ಆಹಾರವಾಗುವುದರ ಜೊತೆಗೆ, ಒಣಗಿದಾಗ ಮತ್ತು ಹೆಪ್ಪುಗಟ್ಟಿದಾಗ ಜೀವಕೋಶದೊಳಗಿನ ಪೊರೆಗಳನ್ನು ಕಾಪಾಡುವ ಕೆಲಸವನ್ನೂ ಮಾಡುತ್ತವೆ. ಶಿಲೀಂಧ್ರ ಪ್ರತಿಯಾಗಿ ಕೊಡುವುದು ನೆಲೆ, ನೆರಳು ಮತ್ತು ಹೀರಿಟ್ಟ ನೀರು.

ಗ್ರಾನೈಟ್ ಹಾರ್ಬರಿನಿಂದ ಬಂದ ಕಲ್ಲುಗಳು

ಈ ಪ್ರಭೇದದ ವೈಜ್ಞಾನಿಕ ಚರಿತ್ರೆ ಆರಂಭವಾಗುವುದು ರಾಬರ್ಟ್ ಫಾಲ್ಕನ್ ಸ್ಕಾಟ್ ಮುನ್ನಡೆಸಿದ 1901–1904ರ ಬ್ರಿಟಿಷ್ ರಾಷ್ಟ್ರೀಯ ಅಂಟಾರ್ಕ್ಟಿಕ ಯಾತ್ರೆಯಿಂದ. 'ಡಿಸ್ಕವರಿ' ಹಡಗು 1902ರ ಜನವರಿಯಲ್ಲಿ ವಿಕ್ಟೋರಿಯಾ ಲ್ಯಾಂಡ್ ತೀರದ ಒಂದು ಕೊಲ್ಲಿಯನ್ನು ಹೊಕ್ಕಿತು. ಸುತ್ತಲಿನ ಗ್ರಾನೈಟ್ ಬಂಡೆಗಳನ್ನು ಕಂಡು ಅದಕ್ಕೆ ಗ್ರಾನೈಟ್ ಹಾರ್ಬರ್ ಎಂದು ಹೆಸರಿಟ್ಟರು. ಯಾತ್ರೆಯ ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದ ರೆಜಿನಾಲ್ಡ್ ಕೋಟ್ಲಿಟ್ಸ್ ಅಲ್ಲಿ ಕಲ್ಲುಹೂ ಅಂಟಿದ ಕಲ್ಲುಗಳನ್ನು ಸಂಗ್ರಹಿಸಿದ. ಅವನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದವನು ಕಲ್ಲುಹೂ ತಜ್ಞ ಒಟ್ಟೊ ವರ್ನನ್ ಡಾರ್ಬಿಷೈರ್. 1910ರಲ್ಲಿ ಪ್ರಕಟವಾದ ಯಾತ್ರೆಯ ವರದಿಯಲ್ಲಿ ಅವನು ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಶೀತಲವಾದದ್ದು ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟ.

ಅದೇ ಯಾತ್ರೆಯ ಇನ್ನೊಂದು ಘಟನೆ ಇಲ್ಲಿ ನೆನೆಯಬೇಕಾದದ್ದು. 1903ರ ಡಿಸೆಂಬರಿನಲ್ಲಿ ಸ್ಕಾಟ್ ಮತ್ತು ಇಬ್ಬರು ಸಂಗಡಿಗರು ಹಿಮವೇ ಇಲ್ಲದ ಒಂದು ವಿಚಿತ್ರ ಕಣಿವೆಗಿಳಿದರು. ಅದನ್ನು ಈಗ ಟೇಲರ್ ಕಣಿವೆ ಎನ್ನುತ್ತಾರೆ. ಅಲ್ಲಿ ಯಾವ ಜೀವವನ್ನೂ ಕಾಣಲಿಲ್ಲ, ಹಾವಸೆಯಾಗಲಿ ಕಲ್ಲುಹೂವಾಗಲಿ ಕೂಡ ಇಲ್ಲ ಎಂದು ಸ್ಕಾಟ್ ಬರೆದಿಟ್ಟ. ಆ ಮಾತು ಅನೇಕ ದಶಕಗಳವರೆಗೆ, ಟೇಲರ್ ಕಣಿವೆಯೂ ಸೇರಿದ ಹಿಮವಿಲ್ಲದ ಡ್ರೈ ವ್ಯಾಲಿಗಳ ಬಗೆಗಿನ ಸಾಮಾನ್ಯ ತಿಳಿವಳಿಕೆಯಾಗಿ ಉಳಿಯಿತು. ಕಣ್ಣಿಗೆ ಬೀಳದಿದ್ದುದರಲ್ಲಿ ಆಶ್ಚರ್ಯವಿಲ್ಲ. ದಣಿದ, ಹಸಿದ ಮನುಷ್ಯನಿಗೆ ಕಪ್ಪು ಕಲ್ಲಿನ ಮೇಲಿನ ಕಪ್ಪು ಚುಕ್ಕೆ ಕಲ್ಲಿನ ಕಲೆಯಾಗಿಯೇ ಕಾಣುತ್ತದೆ. ಬುಯೆಲಿಯಾ ಫ್ರಿಜಿಡಾ ಎಷ್ಟು ನಿಧಾನವಾಗಿ ಬೆಳೆಯಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸಿದ್ದು ಮಾತ್ರ ಇದೇ ಟೇಲರ್ ಕಣಿವೆ. ಆ ವಿಚಾರ ಮುಂದೆ ಬರುತ್ತದೆ.

ಇಪ್ಪತ್ತನೆಯ ಶತಮಾನದ ನಡುವೆ ಅಂಟಾರ್ಕ್ಟಿಕದ ಕಲ್ಲುಹೂಗಳ ಹೆಸರುಗಳು ಗೋಜಲಾದವು. ಅಮೆರಿಕದ ಕ್ಯಾರೊಲ್ ಡಾಜ್ ಸಣ್ಣಪುಟ್ಟ ವ್ಯತ್ಯಾಸಗಳಿಗೂ ಹೊಸ ಹೆಸರು ಕೊಡುತ್ತಾ ಹೋದ. 1973ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥದ ಬಹಳಷ್ಟು ಪ್ರಭೇದಗಳು ಆಮೇಲಿನ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಒಂದೇ ಪ್ರಭೇದ ಬಿಸಿಲು, ಗಾಳಿ, ತೇವಗಳಿಗೆ ತಕ್ಕಂತೆ ಬೇರೆ ಬೇರೆ ರೂಪ ತಾಳುವುದು ಈ ಗೊಂದಲದ ಮೂಲ. ಈಗ ಅಂಟಾರ್ಕ್ಟಿಕದಲ್ಲಿ ಸುಮಾರು 400 ಕಲ್ಲುಹೂ ಪ್ರಭೇದಗಳಿವೆ ಎಂದು ಗಣಿಸಲಾಗಿದೆ. ಹೋಲಿಕೆಗೆ ಹೇಳುವುದಾದರೆ, ಇಡೀ ಖಂಡದಲ್ಲಿ ಸ್ಥಳೀಯವಾಗಿ ಹೂಬಿಡುವ ಗಿಡಗಳು ಎರಡೇ. ಅವೂ ಬೆಚ್ಚನೆಯ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಕಡೆಗಷ್ಟೇ ಸೀಮಿತ.

ರೂಪ

ಒಂದೊಂದು ಚಕ್ಕೆ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಅಗಲ. ದೊಡ್ಡವು ಸುಮಾರು 7 ಸೆಂಟಿಮೀಟರ್. ಅಕ್ಕಪಕ್ಕದವು ಬೆಳೆದು ಕೂಡಿಕೊಂಡರೆ ಬಂಡೆಯ ಮೇಲೆ ಅಗಲವಾದ ಕಪ್ಪು ಪಟ್ಟೆ ಮೂಡುತ್ತದೆ. ಮೇಲ್ಮೈ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಬಹುಭುಜಾಕೃತಿಯ ತುಂಡುಗಳಾಗಿ ಬಿರಿದಿರುತ್ತದೆ. ಅಂಚಿನತ್ತ ಬಿರುಕುಗಳು ಆಳವಾಗಿ, ನಡುವಿನಿಂದ ಹೊರಕ್ಕೆ ಚಾಚಿದ ಸಣ್ಣ ಸಣ್ಣ ಹಾಲೆಗಳ ಹಾಗೆ ಕಾಣುತ್ತವೆ. ಹೊರ ಅಂಚು ಹೆಚ್ಚು ಕಪ್ಪು, ಒಳಭಾಗ ಬೂದು. ಬಹಳ ಹಳೆಯ ಚಕ್ಕೆಗಳಲ್ಲಿ ನಡುಭಾಗ ಸತ್ತು ಉದುರಿಹೋಗಿ, ಅಂಚಿನ ಉಂಗುರವಷ್ಟೇ ಉಳಿದಿರುವುದೂ ಉಂಟು.

ಮೇಲ್ಮೈ ತುಂಬ ಕಪ್ಪು ಚುಕ್ಕಿಗಳಂತೆ ಕಾಣುವವು ಶಿಲೀಂಧ್ರದ ಫಲಕಾಯಗಳು. ಅವುಗಳೊಳಗಿನ ಚೀಲಗಳಲ್ಲಿ ಕಂದು ಬಣ್ಣದ, ನಡುವೆ ಒಂದು ಅಡ್ಡಗೋಡೆಯುಳ್ಳ ಎರಡು ಕೋಶದ ಬೀಜಕಗಳಿರುತ್ತವೆ. ಇಂಥ ಬೀಜಕ ಬುಯೆಲಿಯಾ ಜಾತಿಯ ಗುರುತು. ಬಹಳಷ್ಟು ಕಲ್ಲುಹೂಗಳು ಶಿಲೀಂಧ್ರ ಮತ್ತು ಪಾಚಿ ಎರಡನ್ನೂ ಒಟ್ಟಿಗೆ ಕಟ್ಟಿದ ಪುಡಿಯನ್ನು ಉದುರಿಸಿ ಹರಡುತ್ತವೆ. ಬುಯೆಲಿಯಾ ಫ್ರಿಜಿಡಾದಲ್ಲಿ ಆ ಏರ್ಪಾಡಿಲ್ಲ. ಇದರ ಬೀಜಕದಲ್ಲಿರುವುದು ಶಿಲೀಂಧ್ರ ಮಾತ್ರ. ಗಾಳಿಯಲ್ಲಿ ಹಾರಿ ಹೊಸ ಬಂಡೆಯ ಮೇಲೆ ಬಿದ್ದ ಮೇಲೆ, ಹೊಂದುವ ಪಾಚಿಯೊಂದು ಅಲ್ಲಿ ಸಿಕ್ಕರೆ ಮಾತ್ರ ಹೊಸ ಕಲ್ಲುಹೂ. ಇಲ್ಲದಿದ್ದರೆ ಆ ಬೀಜಕದ ಕಥೆ ಅಲ್ಲಿಗೆ ಮುಗಿಯಿತು. ಬೇರೆ ಕಲ್ಲುಹೂಗಳ ಮುರಿದ ಚೂರುಗಳಿಂದ ಪಾಚಿ ದೊರಕುವ ಸಾಧ್ಯತೆಯನ್ನೂ ಸಂಶೋಧಕರು ಪರಿಗಣಿಸಿದ್ದಾರೆ. ಇಷ್ಟು ಅನಿಶ್ಚಿತವಾದ ದಾರಿ ಹಿಡಿದೂ ಈ ಪ್ರಭೇದ ಖಂಡದ ಸುತ್ತಲೂ ಹಬ್ಬಿದೆ ಎಂದರೆ, ಅದಕ್ಕೆ ಸಿಕ್ಕಿರುವ ಕಾಲಾವಧಿ ಎಷ್ಟು ದೀರ್ಘವಾದದ್ದೆಂದು ಊಹಿಸಬಹುದು.

ತೇವದ ಕೆಲವು ತಾಸು

ಡ್ರೈ ವ್ಯಾಲಿಗಳು ಸುಮಾರು 4,800 ಚದರ ಕಿಲೋಮೀಟರ್ ಹರಡಿರುವ ಶೀತ ಮರುಭೂಮಿ. ಅಲ್ಲಿ ಮಳೆ ಬೀಳುವುದಿಲ್ಲ. ಬೀಳುವ ಹಿಮ ಅಲ್ಪ, ಅದರಲ್ಲೂ ಬಹುಪಾಲು ಕರಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಪ್ರಸ್ಥಭೂಮಿಯಿಂದ ಇಳಿದುಬರುವ ಒಣ ಬಿರುಗಾಳಿ ಉಳಿದಿದ್ದನ್ನೂ ಹೀರುತ್ತದೆ. 77 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆ ತಿಂಗಳುಗಳಲ್ಲಿ ಬುಯೆಲಿಯಾ ಒಣಗಿ, ಹೆಪ್ಪುಗಟ್ಟಿ, ಉಸಿರಾಟವೂ ನಿಂತ ಸ್ಥಿತಿಯಲ್ಲಿರುತ್ತದೆ. ಒಣಗಿದ ಕಲ್ಲುಹೂಗಳ ಚಳಿ ತಡೆಯುವ ಶಕ್ತಿ ನಂಬಲಾಗದಷ್ಟು. ಪ್ರಯೋಗಶಾಲೆಯಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿ ತೆಗೆದ ಅಂಟಾರ್ಕ್ಟಿಕ ಕಲ್ಲುಹೂಗಳು ಮತ್ತೆ ಚೇತರಿಸಿಕೊಂಡಿವೆ. ಹಾಗಾಗಿ ಚಳಿಗಾಲ ಇದಕ್ಕೆ ಕಷ್ಟದ ಕಾಲವಲ್ಲ. ಕಷ್ಟವೆಲ್ಲ ಬೇಸಿಗೆಯಲ್ಲಿ.

ಬೇಸಿಗೆಯಲ್ಲಿ ನಡೆಯುವುದು ಇದು. ಉತ್ತರಕ್ಕೆ ಮುಖಮಾಡಿದ ಕಪ್ಪು ಬಂಡೆಗೆ ಬಿಸಿಲು ಬೀಳುತ್ತದೆ. ಗಾಳಿಯ ಉಷ್ಣತೆ ಶೂನ್ಯಕ್ಕಿಂತ ಕೆಳಗೇ ಇದ್ದರೂ ಬಂಡೆಯ ಮೈ ಅದಕ್ಕಿಂತ ಹತ್ತು, ಇಪ್ಪತ್ತು ಡಿಗ್ರಿ ಹೆಚ್ಚು ಕಾಯಬಲ್ಲದು. ಅಲ್ಲಿ ತೆಳ್ಳಗೆ ಹಿಮ ಬಿದ್ದಿದ್ದರೆ ಅದು ಕರಗಿ ಕಲ್ಲುಹೂವಿಗೆ ನೀರಾಗುತ್ತದೆ. ಕುಡಿದ ಕೂಡಲೇ ಒಳಗಿನ ಪಾಚಿ ಎಚ್ಚರಗೊಂಡು ದ್ಯುತಿಸಂಶ್ಲೇಷಣೆ ಶುರುಮಾಡುತ್ತದೆ. ಆದರೆ ಅದೇ ಬಿಸಿಲು ಇನ್ನಷ್ಟು ಏರುತ್ತಿದ್ದಂತೆ ತೇವ ಆರಿಹೋಗುತ್ತದೆ, ಕಲ್ಲುಹೂ ಮತ್ತೆ ನಿದ್ದೆಗೆ ಜಾರುತ್ತದೆ. ಬೆಚ್ಚಗಾಗುವ ಹೊತ್ತಿಗೆ ನೀರಿರುವುದಿಲ್ಲ. ನೀರಿರುವಾಗ ಉಷ್ಣತೆ ಶೂನ್ಯದ ಆಸುಪಾಸಿನಲ್ಲಿರುತ್ತದೆ. ಪ್ರಯೋಗಶಾಲೆಯಲ್ಲಿ ಅಳೆದಾಗ ಈ ಕಲ್ಲುಹೂಗಳ ದ್ಯುತಿಸಂಶ್ಲೇಷಣೆ ಶೂನ್ಯಕ್ಕಿಂತ ಮೇಲೆಯೇ ಚೆನ್ನಾಗಿ ನಡೆಯುತ್ತದೆ. ನೆಲೆಯಲ್ಲಿ ಮಾತ್ರ ಆ ಅನುಕೂಲದ ಉಷ್ಣತೆಯಲ್ಲಿ ತೇವದಿಂದಿರುವ ಭಾಗ್ಯ ಅವಕ್ಕೆ ಅಪರೂಪ.

ಆದ್ದರಿಂದ ಶೂನ್ಯಕ್ಕಿಂತ ಕೆಳಗೂ ಕೆಲಸ ಮಾಡುವ ಸಾಮರ್ಥ್ಯ ಇಲ್ಲಿ ಜೀವನ್ಮರಣದ ವಿಷಯ. ಹೆಪ್ಪುಗಟ್ಟಿದ ಕಲ್ಲುಹೂವೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಬಲ್ಲದು ಎಂಬುದನ್ನು ಜರ್ಮನಿಯ ಒಟ್ಟೊ ಲಾಂಗೆ 1960ರ ದಶಕದಲ್ಲೇ ತೋರಿಸಿದ್ದ. ಅವನೂ ಲುಡ್ಗರ್ ಕಾಪೆನ್ನನೂ ಕೂಡಿ ವಿಕ್ಟೋರಿಯಾ ಲ್ಯಾಂಡಿನ ಕೇಪ್ ಹ್ಯಾಲೆಟ್‌ನಲ್ಲಿ ನಡೆಸಿದ ಮಾಪನಗಳು 1972ರಲ್ಲಿ ಪ್ರಕಟವಾದವು. ಆಮೇಲೆ ಕಾಪೆನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ದ್ರವರೂಪದ ನೀರು ತಾಗದಿದ್ದರೂ, ಹಿಮದಿಂದ ಏಳುವ ಆವಿಯನ್ನಷ್ಟೇ ಹೀರಿ ಕಲ್ಲುಹೂಗಳು ಚೇತರಿಸಿಕೊಳ್ಳುತ್ತವೆ ಎಂಬುದನ್ನು ಅವರು ಕಂಡುಕೊಂಡರು. ಶೂನ್ಯದ ಕೆಳಗೂ ನೀರು ಸಿಗುವ ದಾರಿ ಇದು. ಹೂಬಿಡುವ ಗಿಡಗಳಿಗೆ ಈ ದಾರಿ ಪೂರಾ ಮುಚ್ಚಿದೆ. ಖಂಡದ ಒಳಭಾಗ ಕಲ್ಲುಹೂಗಳ ಪಾಲಿಗೆ ಉಳಿದಿರುವುದಕ್ಕೆ ಬೇರೆ ವಿವರಣೆಗಳಿಗಿಂತ ಇದೇ ಹೆಚ್ಚು ಸರಿಯೆನಿಸುತ್ತದೆ.

1998ರಲ್ಲಿ ಇದೇ ಗುಂಪು ವಿಕ್ಟೋರಿಯಾ ಲ್ಯಾಂಡಿನ ಬಂಡೆಯೊಂದರ ಮೇಲೆ ಬುಯೆಲಿಯಾ ಫ್ರಿಜಿಡಾ ಹರಡಿರುವ ವಿನ್ಯಾಸವನ್ನು ಪ್ರತ್ಯೇಕವಾಗಿ ವಿಶ್ಲೇಷಿಸಿತು. ಮೇಲಿನ ಹಿಮದ ರಾಶಿಯಿಂದ ಕರಗಿದ ನೀರು ಬಂಡೆಯ ಮೈಮೇಲೆ ಎಲ್ಲೆಲ್ಲಿ ಜಿನುಗಿ ಇಳಿಯುತ್ತದೆಯೋ ಅಲ್ಲೆಲ್ಲ ಕಪ್ಪು ಪಟ್ಟೆ. ನೀರು ತಪ್ಪಿದ ಕಡೆ ಬರಿಗಲ್ಲು. ಬಂಡೆಯನ್ನು ನೋಡಿಯೇ ಬೇಸಿಗೆಯಲ್ಲಿ ನೀರು ಹರಿಯುವ ದಾರಿಯನ್ನು ಹೇಳಬಹುದು. ಹಾಗೆಂದು ಹಿಮ ಹೆಚ್ಚಾದಷ್ಟೂ ಒಳ್ಳೆಯದೆಂದಲ್ಲ. ಬೇಸಿಗೆಯಿಡೀ ಹಿಮದಡಿ ಹೂತುಹೋದರೆ ಬೆಳಕಿಲ್ಲದೆ ಕಲ್ಲುಹೂ ಸಾಯುತ್ತದೆ. ಬೇಕಾದದ್ದು ಬಂದು, ಬೇಗ ಕರಗಿ ಹೋಗುವ ತೆಳು ಹಿಮ. ಬೆಳಕು ತೂರಿಬರುವಷ್ಟು ತೆಳುವಾಗಿದ್ದರೆ ಅದೇ ಹಿಮ ಮಿತಿಮೀರಿದ ಬಿಸಿಲಿಗೆ ಪರದೆಯೂ ಆಗುತ್ತದೆ.

ಕಪ್ಪು ಬಣ್ಣದ ಕೆಲಸವೂ ಇಲ್ಲಿ ಎರಡು ಬಗೆಯದು. ಹೊರಪದರದ ಗಾಢ ವರ್ಣದ್ರವ್ಯ ಶಾಖ ಹೀರಿ ಹಿಮವನ್ನು ಕರಗಿಸಿಕೊಳ್ಳಲು ನೆರವಾಗುತ್ತದೆ. ಚಳಿಯಲ್ಲಿ ತೀವ್ರ ಬೆಳಕು ಬಿದ್ದರೆ ಹಾನಿಯಾಗುವ ಒಳಗಿನ ಪಾಚಿಗೆ ಅದೇ ನೆರಳು ಕೂಡ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೆಳುವಾಗುತ್ತಿರುವುದನ್ನು ಪ್ರಕಟಿಸಿದ ಮೇಲೆ, ನೇರಳಾತೀತ ಕಿರಣಗಳನ್ನು ಈ ವರ್ಣದ್ರವ್ಯ ಎಷ್ಟು ತಡೆಯುತ್ತದೆ ಎಂಬ ಪ್ರಶ್ನೆಗೆ ವಿಶೇಷ ಮಹತ್ವ ಬಂತು.

ಶತಮಾನಕ್ಕೆ ಒಂದು ಮಿಲಿಮೀಟರ್

ವರ್ಷಕ್ಕೆ ಸಿಗುವ ದುಡಿಮೆಯ ಹೊತ್ತು ಇಷ್ಟು ಕಡಿಮೆಯಾದ ಮೇಲೆ ಬೆಳವಣಿಗೆ ಹೇಗಿರಬೇಕು? ಸ್ಪೇನಿನ ಲಿಯೊಪೋಲ್ಡೊ ಸಾಂಚೊ, ನ್ಯೂಜಿಲೆಂಡಿನ ಅಲನ್ ಗ್ರೀನ್ ಮೊದಲಾದವರು ಬಹಳ ಸರಳವಾದ ಉಪಾಯದಿಂದ ಇದನ್ನು ಅಳೆದರು. ಅದೇ ಕಲ್ಲು, ಅದೇ ಚಕ್ಕೆ. ದಶಕಗಳ ಹಿಂದೆ ತೆಗೆದ ಛಾಯಾಚಿತ್ರ ಮತ್ತು ಈಗಿನ ಛಾಯಾಚಿತ್ರ. ಎರಡರ ನಡುವಿನ ಅಂತರವೇ ಬೆಳವಣಿಗೆ. ಡ್ರೈ ವ್ಯಾಲಿಗಳಲ್ಲಿ ಬುಯೆಲಿಯಾ ಫ್ರಿಜಿಡಾದ ಬೆಳವಣಿಗೆ ವರ್ಷಕ್ಕೆ 0.01 ಮಿಲಿಮೀಟರಿನ ಆಸುಪಾಸು ಎಂದು ತಿಳಿಯಿತು, ಅಂದರೆ ನೂರು ವರ್ಷಕ್ಕೆ ಒಂದು ಮಿಲಿಮೀಟರ್. 2012ರಲ್ಲಿ ಗ್ರೀನ್ ಮತ್ತು ಸಂಗಡಿಗರು ಟೇಲರ್ ಕಣಿವೆಯಿಂದ ವರದಿ ಮಾಡಿದ ಬೆಳವಣಿಗೆಯೂ ಇಂಥದೇ ಅತ್ಯಲ್ಪ ಪ್ರಮಾಣದ್ದು. ಲೋಕದಲ್ಲಿ ಈವರೆಗೆ ಅಳೆದಿರುವ ಕಲ್ಲುಹೂ ಬೆಳವಣಿಗೆಗಳಲ್ಲೇ ಇದು ಕನಿಷ್ಠ ಮಟ್ಟದ್ದು. ಅದೇ ಅಂಟಾರ್ಕ್ಟಿಕದ ಇನ್ನೊಂದು ತುದಿಯಲ್ಲಿ, ತೇವವೂ ಮೋಡವೂ ಇರುವ ಲಿವಿಂಗ್‌ಸ್ಟನ್ ದ್ವೀಪದಲ್ಲಿ, ಬೇರೆ ಕಲ್ಲುಹೂಗಳು ಇದರ ನೂರು ಪಟ್ಟು ವೇಗದಲ್ಲಿ ಬೆಳೆಯುತ್ತವೆ. ಎರಡೂ ಕಡೆ ಚಳಿಯಿದೆ. ಆದರೆ ನೂರು ಪಟ್ಟು ವ್ಯತ್ಯಾಸಕ್ಕೆ ಚಳಿಯೊಂದೇ ಕಾರಣವಾಗಲಾರದು. ತೇವದಿಂದಿರುವ ತಾಸುಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಅದು ಅರ್ಥವಾಗುತ್ತದೆ.

ಅಂಚು ನೂರು ವರ್ಷಕ್ಕೆ ಒಂದು ಮಿಲಿಮೀಟರ್ ಹೊರಕ್ಕೆ ಸರಿಯುತ್ತದೆ ಎಂದಿಟ್ಟುಕೊಂಡರೆ, 5 ಸೆಂಟಿಮೀಟರ್ ಅಗಲದ ಚಕ್ಕೆಗೆ ಎರಡೂವರೆ ಸಾವಿರ ವರ್ಷ ವಯಸ್ಸು. ಮೌರ್ಯ ಸಾಮ್ರಾಜ್ಯ ಹುಟ್ಟುವ ಮೊದಲೇ ಆ ಬೀಜಕ ಕಲ್ಲಿಗೆ ಅಂಟಿತ್ತು ಎಂದಾಯಿತು. ಈ ಲೆಕ್ಕವನ್ನು ಜೋಪಾನವಾಗಿ ಬಳಸಬೇಕು. ಬೆಳವಣಿಗೆ ಎಲ್ಲ ಕಾಲದಲ್ಲೂ ಒಂದೇ ಸಮನಾಗಿರುವುದಿಲ್ಲ, ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ, ಎರಡು ಚಕ್ಕೆಗಳು ಕೂಡಿ ಒಂದಾಗಿ ಕಾಣುವುದೂ ಇದೆ. ಎಷ್ಟು ಕಳೆದರೂ ವಯಸ್ಸು ಸಾವಿರ ವರ್ಷಗಳ ಲೆಕ್ಕದಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಭೂಮಿಯ ಮೇಲಿನ ಅತಿ ಹಳೆಯ ಜೀವಿಗಳ ಪಟ್ಟಿಯಲ್ಲಿ ಎತ್ತರದ ಮರಗಳ ಜೊತೆಗೆ ಈ ಬೊಟ್ಟಿನಗಲದ ಚಕ್ಕೆಗೂ ಜಾಗವಿರಬೇಕು.

ಈ ಚಕ್ಕೆಗಳ ನೆಲೆಗಳಿಗಿಂತಲೂ ಒಣಗಿದ, ಇನ್ನೂ ಎತ್ತರದ ಜಾಗಗಳಲ್ಲಿ ಬಂಡೆಯ ಮೇಲೆ ಬದುಕುವುದು ಬುಯೆಲಿಯಾ ಫ್ರಿಜಿಡಾಗೂ ಆಗದು. ಅಲ್ಲಿ ಜೀವ ಬಂಡೆಯ ಒಳಕ್ಕೆ ಸರಿದಿದೆ. ಅಮೆರಿಕದ ಇಮ್ರೆ ಫ್ರೀಡ್‌ಮನ್ 1970ರ ದಶಕದಲ್ಲಿ ಡ್ರೈ ವ್ಯಾಲಿಗಳ ಮರಳುಗಲ್ಲನ್ನು ಒಡೆದಾಗ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಪಾಚಿ ಮತ್ತು ಶಿಲೀಂಧ್ರಗಳ ಹಸಿರು, ಬಿಳಿ, ಕಪ್ಪು ಪದರಗಳು ಸಿಕ್ಕವು. ಬುಯೆಲಿಯಾ ಫ್ರಿಜಿಡಾ ಬಂಡೆಯ ಮೇಲೆ, ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ ಬದುಕುವ ಕೊನೆಯ ಸಾಲಿನ ಜೀವಿಗಳಲ್ಲೊಂದು.

ಮಂಜುಗಡ್ಡೆಯ ಯುಗಗಳನ್ನು ದಾಟಿದ್ದು

ಒಂದೇ ಖಂಡಕ್ಕೆ ಸೀಮಿತವಾದ ಪ್ರಭೇದ ಆ ಖಂಡದಲ್ಲಿ ಬಹುಕಾಲ ಇದ್ದಿರಬೇಕು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ ಅಂಟಾರ್ಕ್ಟಿಕದ ಮಂಜುಗಡ್ಡೆ ಈಗಿನದಕ್ಕಿಂತ ಇನ್ನೂ ಹೆಚ್ಚು ಹಬ್ಬಿತ್ತು. ಆಗಲೂ ಮಂಜಿನ ಮೇಲೆ ತಲೆಯೆತ್ತಿದ್ದ ಬೆಟ್ಟದ ತುದಿಗಳಲ್ಲಿ ಈ ಕಲ್ಲುಹೂಗಳು ಉಳಿದುಕೊಂಡು, ಮಂಜು ಹಿಂಜರಿದ ಮೇಲೆ ಸುತ್ತಲ ಬಂಡೆಗಳಿಗೆ ಹರಡಿರಬೇಕೆಂಬುದು ಬಲವಾದ ಅಭಿಪ್ರಾಯ. ರಾಸ್ ಸಮುದ್ರದ ಸುತ್ತಲಿನ ಕಲ್ಲುಹೂಗಳ ವಂಶವಾಹಿಗಳನ್ನು ಪರೀಕ್ಷಿಸಿದ ನ್ಯೂಜಿಲೆಂಡಿನ ಸಂಶೋಧಕರೂ ಅಂಥ ಆಶ್ರಯತಾಣದ ಸುಳಿವುಗಳನ್ನು ಗುರುತಿಸಿದ್ದಾರೆ.

ಭಾರತದ ನೆಲೆಗಳ ಬಳಿ

ಪೂರ್ವ ಅಂಟಾರ್ಕ್ಟಿಕದ ಕ್ವೀನ್ ಮಾಡ್ ಲ್ಯಾಂಡಿನಲ್ಲಿ ಶಿರ್ಮಾಖರ್ ಓಯಸಿಸ್ ಎಂಬ ಸುಮಾರು 35 ಚದರ ಕಿಲೋಮೀಟರಿನ ಬಂಡೆನೆಲವಿದೆ. 1938–39ರ ಜರ್ಮನ್ ಯಾತ್ರೆಯ ವಿಮಾನ ಚಾಲಕನೊಬ್ಬ ಇದನ್ನು ಆಕಾಶದಿಂದ ಕಂಡ, ಹೆಸರು ಅವನದೇ. ಸಣ್ಣ ಸಣ್ಣ ಕೊಳಗಳು, ನಡುವೆ ಬೋಳು ದಿಬ್ಬಗಳು. ಭಾರತದ ಮೊದಲ ನೆಲೆ ದಕ್ಷಿಣ ಗಂಗೋತ್ರಿ ತೇಲುವ ಮಂಜಿನ ಚಪ್ಪಡಿಯ ಮೇಲಿದ್ದು, ಕ್ರಮೇಣ ಹಿಮದಲ್ಲಿ ಹೂತುಹೋಯಿತು. ಎರಡನೆಯದಾದ ಮೈತ್ರಿಯನ್ನು ಗಟ್ಟಿ ಬಂಡೆಯ ಮೇಲೆ ಕಟ್ಟಬೇಕೆಂದು ಈ ಓಯಸಿಸನ್ನು ಆರಿಸಲಾಯಿತು. 1989ರಿಂದ ಅದು ಕೆಲಸ ಮಾಡುತ್ತಿದೆ. ಹೀಗೆ ಭಾರತೀಯರು ಅಂಟಾರ್ಕ್ಟಿಕದಲ್ಲಿ ಬಂದು ನೆಲೆನಿಂತದ್ದು ಕಲ್ಲುಹೂಗಳ ನಡುವೆಯೇ. ಬುಯೆಲಿಯಾ ಫ್ರಿಜಿಡಾ ಶಿರ್ಮಾಖರ್ ಬಂಡೆಗಳ ಮೇಲೆ ಸಾಮಾನ್ಯವಾಗಿ ಸಿಗುವ ಪ್ರಭೇದ.

ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಡಿ. ಕೆ. ಉಪ್ರೇತಿ, ಸಂಜೀವ ನಾಯಕ ಮೊದಲಾದವರು ಭಾರತೀಯ ಯಾತ್ರೆಗಳ ಮೂಲಕ ಇಲ್ಲಿನ ಕಲ್ಲುಹೂಗಳನ್ನು ಸಂಗ್ರಹಿಸಿ ಗುರುತಿಸಿದರು. ಪೋಲೆಂಡಿನ ಮರಿಯಾ ಓಲೆಖ್ ಮತ್ತು ಗೋವಾದ ಧ್ರುವ ಸಂಶೋಧನಾ ಕೇಂದ್ರದ ಶಿವಮೋಹನ ಸಿಂಗ್ ಕೂಡಿ ಶಿರ್ಮಾಖರ್ ಕಲ್ಲುಹೂಗಳ ಮೇಲೆ ಸಚಿತ್ರ ಗ್ರಂಥವೊಂದನ್ನು 2010ರಲ್ಲಿ ಹೊರತಂದರು. 2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಭಾರತಿ ನೆಲೆ ಆರಂಭವಾದ ಮೇಲೆ ಅಲ್ಲಿನ ಬಂಡೆಗಳೂ ಈ ಅಧ್ಯಯನದ ವ್ಯಾಪ್ತಿಗೆ ಬಂದವು. ನೆಲೆಯೊಂದರ ಪಕ್ಕದಲ್ಲೇ ಕಲ್ಲುಹೂಗಳಿರುವುದು ವಿಜ್ಞಾನಿಗಳಿಗೆ ಒಂದು ಅವಕಾಶ. ಡೀಸೆಲ್ ಹೊಗೆ, ಲೋಹಗಳ ಧೂಳು ಗಾಳಿಯಲ್ಲಿ ಬಂದರೆ ಕಲ್ಲುಹೂ ಅದನ್ನು ಮೈಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬೇರಿಲ್ಲದ ಜೀವಿಗೆ ಗಾಳಿಯೇ ಆಹಾರದ ದಾರಿ. ವಿಷದ ದಾರಿಯೂ ಅದೇ. ಈ ಕಾರಣಕ್ಕೆ ಮಾಲಿನ್ಯವನ್ನು ಅಳೆಯಲು ಕಲ್ಲುಹೂಗಳನ್ನು ಬಳಸುತ್ತಾರೆ.

ಬಾಹ್ಯಾಕಾಶಕ್ಕೆ ಕಳಿಸಿದ್ದು

ಡ್ರೈ ವ್ಯಾಲಿಗಳು ಚಳಿ, ಬರ, ನೇರಳಾತೀತ ಕಿರಣಗಳ ಮಟ್ಟಿಗೆ ಮಂಗಳ ಗ್ರಹವನ್ನು ಹೋಲುವ ಭೂಮಿಯ ಜಾಗಗಳೆಂದು ಹೆಸರಾಗಿವೆ. ಹಾಗಾಗಿ ಅಲ್ಲಿನ ಜೀವಿಗಳು ಭೂಮಿಯಾಚೆ ಎಷ್ಟು ತಡೆದಾವು ಎಂಬ ಕುತೂಹಲ ಸಹಜ. 2005ರಲ್ಲಿ ಬೇರೆರಡು ಕಲ್ಲುಹೂ ಪ್ರಭೇದಗಳು ಉಪಗ್ರಹವೊಂದರ ಹೊರಮೈಯಲ್ಲಿ ಎರಡು ವಾರ ಬಾಹ್ಯಾಕಾಶಕ್ಕೆ ತೆರೆದುಕೊಂಡಿದ್ದು, ಹಿಂದಿರುಗಿ ಬದುಕಿದವು. ಬುಯೆಲಿಯಾ ಫ್ರಿಜಿಡಾದ ಸರದಿ ಬಂದದ್ದು 2014ರಲ್ಲಿ. ಯುರೋಪಿನ ಬಯೊಮೆಕ್ಸ್ ಎಂಬ ಪ್ರಯೋಗದ ಭಾಗವಾಗಿ ಅದರ ಮಾದರಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಸುಮಾರು ಒಂದೂವರೆ ವರ್ಷ ಇಡಲಾಯಿತು. ಕೆಲವಕ್ಕೆ ನಿರ್ವಾತ, ಕೆಲವಕ್ಕೆ ಮಂಗಳದ ವಾತಾವರಣವನ್ನು ಹೋಲುವ ಅನಿಲ.

ನೆಲದ ಮೇಲಿನ ಪೂರ್ವಪರೀಕ್ಷೆಗಳಲ್ಲಿ ಚೆನ್ನಾಗಿ ತಡೆದಿದ್ದ ಕಲ್ಲುಹೂವಿಗೆ ಈ ದೀರ್ಘ ವಾಸ ಭಾರವಾಯಿತು. ಜರ್ಮನಿಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಬಾಹ್ಯಾಕಾಶದಿಂದ ಬಂದ ಮಾದರಿಗಳ ಜೀವಂತಿಕೆ ಕುಗ್ಗಿತ್ತು, ಡಿಎನ್‌ಎಯಲ್ಲೂ ಬದಲಾವಣೆಗಳಿದ್ದವು. ಇದನ್ನು ಸೋಲೆಂದು ಬಗೆಯುವುದು ಸರಿಯಲ್ಲ. ಬಾಹ್ಯಾಕಾಶದಲ್ಲಿ ಸುಮ್ಮನೆ ಸಾಯದೆ ಉಳಿಯುವುದಷ್ಟೇ ಪರೀಕ್ಷೆ. ಅಂಟಾರ್ಕ್ಟಿಕದ ಬಂಡೆಯಲ್ಲಿ ಹಾಗಲ್ಲ. ಅಲ್ಲಿ ನೀರು ಸಿಕ್ಕಾಗಲೆಲ್ಲ ಎದ್ದು, ಹಾನಿಯನ್ನು ದುರಸ್ತಿ ಮಾಡಿಕೊಂಡು, ಸ್ವಲ್ಪ ಬೆಳೆದು ಮತ್ತೆ ಮಲಗಬಹುದು. ಒಂದೂವರೆ ವರ್ಷ ಒಂದು ಹನಿ ತೇವವಿಲ್ಲದೆ, ದುರಸ್ತಿಗೆ ಅವಕಾಶವೇ ಇಲ್ಲದೆ ಕಿರಣಗಳ ಹೊಡೆತ ತಿನ್ನುವುದು ಬೇರೆಯೇ ಮಾತು.

ಅಪಾಯ ಮತ್ತು ರಕ್ಷಣೆ

ಪ್ರಭೇದವಾಗಿ ಬುಯೆಲಿಯಾ ಫ್ರಿಜಿಡಾ ಸದ್ಯಕ್ಕೆ ಅಳಿವಿನ ಅಂಚಿನಲ್ಲಿಲ್ಲ. ಅದರ ನೆಲೆ ವಿಸ್ತಾರವಾಗಿದೆ. ಚಿಂತೆ ಇರುವುದು ಒಂದೊಂದು ಬಂಡೆಯ ಬಗ್ಗೆ. ಶತಮಾನಕ್ಕೆ ಮಿಲಿಮೀಟರ್ ಬೆಳೆಯುವ ಜೀವಿಯನ್ನು ಬೂಟುಗಾಲು ಒಂದು ಕ್ಷಣದಲ್ಲಿ ಕೆರೆದು ಹಾಕಿದರೆ, ಆ ಜಾಗ ಮತ್ತೆ ತುಂಬುವುದನ್ನು ನೋಡಲು ಮನುಷ್ಯರ ಹತ್ತಾರು ತಲೆಮಾರುಗಳೂ ಸಾಲುವುದಿಲ್ಲ. ಹೆಲಿಕಾಪ್ಟರ್ ಇಳಿದಾಣ, ವಾಹನದ ದಾರಿ, ಕಟ್ಟಡದ ಅಡಿಪಾಯಗಳೆಲ್ಲ ಬೇಡುವುದು ಹಿಮವಿಲ್ಲದ ಅದೇ ಬಂಡೆನೆಲವನ್ನು. ಹವಾಮಾನ ಬದಲಾವಣೆಯ ಪರಿಣಾಮವನ್ನು ಒಂದೇ ದಿಕ್ಕಿನಲ್ಲಿ ಊಹಿಸಲಾಗದು. ಹೆಚ್ಚು ಕರಗುವ ನೀರು ಕೆಲವು ಕಡೆ ಬೆಳವಣಿಗೆಯನ್ನು ಹೆಚ್ಚಿಸಬಹುದು. ಪರ್ಯಾಯದ್ವೀಪದ ಕಡೆಯ ಲಿವಿಂಗ್‌ಸ್ಟನ್ ದ್ವೀಪದಲ್ಲಿ ಬೇಸಿಗೆಯ ಹಿಮ ಹೆಚ್ಚಾದಾಗ ಅಲ್ಲಿನ ಕಲ್ಲುಹೂಗಳು ಹಿಮದಡಿಯೇ ಸತ್ತದ್ದನ್ನು ಸಾಂಚೊ ಮತ್ತು ಸಂಗಡಿಗರು 2017ರಲ್ಲಿ ದಾಖಲಿಸಿದ್ದಾರೆ. ಬೆಳವಣಿಗೆ ಇಷ್ಟು ಸೂಕ್ಷ್ಮವಾಗಿ ತೇವಕ್ಕೆ ಸ್ಪಂದಿಸುವುದರಿಂದ, ಗುರುತು ಹಾಕಿದ ಚಕ್ಕೆಗಳನ್ನು ದಶಕಗಟ್ಟಲೆ ಅಳೆಯುತ್ತ ಹೋದರೆ ಹವಾಮಾನದ ದೀರ್ಘ ಬದಲಾವಣೆಯನ್ನು ಓದಬಹುದೆಂಬ ಆಶಯ ಸಂಶೋಧಕರದು. ಅದಕ್ಕೆ ಆ ಚಕ್ಕೆಗಳು ಉಳಿದಿರಬೇಕು.

1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಡಂಬಡಿಕೆ ಅಂಟಾರ್ಕ್ಟಿಕದ ಸ್ಥಳೀಯ ಸಸ್ಯಸಂಪತ್ತಿಗೆ ಹಾನಿಯೆಸಗುವುದನ್ನು ನಿಷೇಧಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ಕಲ್ಲುಹೂಗಳೂ ಸೇರಿವೆ. ಗ್ರಾನೈಟ್ ಹಾರ್ಬರಿನಲ್ಲಿರುವ, ಸ್ಕಾಟನ ಎರಡನೆಯ ಯಾತ್ರೆಯವರು ಹಸಿರನ್ನು ಕಂಡು ಬಾಟನಿ ಬೇ ಎಂದು ಕರೆದ ಜಾಗ ಈಗ 154ನೆಯ ಕ್ರಮಾಂಕದ ವಿಶೇಷ ಸಂರಕ್ಷಿತ ಪ್ರದೇಶ. ಅನುಮತಿ ಪತ್ರವಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಶಿರ್ಮಾಖರ್‌ನ ದಕ್ಷಿಣ ಗಂಗೋತ್ರಿ ಹಿಮನದಿಯ ಅಂಚೂ ಭಾರತದ ಪ್ರಸ್ತಾವದ ಮೇಲೆ ಅಂಥ ಪಟ್ಟಿಗೆ ಸೇರಿದೆ. ಭಾರತ ತನ್ನದೇ ಅಂಟಾರ್ಕ್ಟಿಕ್ ಕಾಯ್ದೆಯನ್ನು 2022ರಲ್ಲಿ ಮಾಡಿಕೊಂಡಿತು. ಭಾರತದಿಂದ ಹೊರಡುವ ಯಾತ್ರೆಗಳಿಗೆ ಈಗ ಪರವಾನಗಿ ಕಡ್ಡಾಯ. ಕಾನೂನು ಇಷ್ಟು ಮಾಡಬಲ್ಲದು. ಮುಂದಿನದು ಅಲ್ಲಿಗೆ ಹೋಗುವ ವಿಜ್ಞಾನಿ, ಎಂಜಿನಿಯರ್, ಅಡುಗೆಯವರು, ಚಾಲಕರು ಎಲ್ಲರ ಕೈಯಲ್ಲಿದೆ. ಕಪ್ಪು ಚಕ್ಕೆಯಿರುವ ಬಂಡೆ ಕಂಡರೆ ದಯವಿಟ್ಟು ಸುತ್ತು ಹಾಕಿಕೊಂಡು ಹಿಮದ ಮೇಲೆ ನಡೆಯಿರಿ.